ನಾಲ್ಕು ಜನ ಎಂದರೆ ನಾನೂರಲ್ಲ

ಅಕ್ಕನ ಮಗಳ ಮದುವೆ ಒಂದು ಬುಧವಾರ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಹಾಲ್‌ನಲ್ಲಿ ಮುಗಿಯಿತು. ಸಂಜೆ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದ್ದೇ ತಡ, ಆಗಷ್ಟೇ ಬೆಳಗಾಗಿದ್ದ ದಾವಣಗೆರೆಯಿಂದ ದೊಡ್ಡಮ್ಮನ ಫೋನು: "ಕದ್ದು ಮದುವೆ ಮಾಡೋವಂಥದ್ದು ಏನಾಗಿತ್ತಪ್ಪಾ?" ಫ್ರೀಮಾಂಟ್‌ನ ಗೆಳೆಯರದ್ದು ಇನ್ನೊಂದು ರಾಗ: "ಊಟ ತಪ್ಪಿಸಿಬಿಟ್ರಲ್ಲ ಸಾರ್." ಗುಟ್ಟಾಗಿ ಮದುವೆ ನಡೆದರೆ ನಮ್ಮವರಿಗೆ ಹೊಳೆಯುವುದು ಎರಡೇ ಕಾರಣ: ಒಂದೋ ಮಕ್ಕಳು ಏನೋ ಎಡವಟ್ಟು ಮಾಡಿಕೊಂಡಿದ್ದಾರೆ, ಇಲ್ಲವೇ ಹುಡುಗಿಯ ಅಪ್ಪ ಜುಗ್ಗ.

"ನಾಲ್ಕು ಜನರ ಮುಂದೆ ಆಗಬೇಕು" ಎಂಬ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ನಾಲ್ಕು ಜನ ಯಾರಾಗಿದ್ದರು? ಚಪ್ಪರಕ್ಕೆ ಸೋಗೆ ಹೊತ್ತು ತಂದವರು, ರಾತ್ರಿಯಿಡೀ ಕೂತು ಕಾಯಿ ತುರಿದವರು, ಬೀಗರ ಸ್ನಾನಕ್ಕೆ ಹಂಡೆ ಕಾಯಿಸಿದವರು. ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು, ಮುಯ್ಯಿಗೆ ಮುಯ್ಯಿ. ಅವರನ್ನು ಬಿಟ್ಟರೆ ಮದುವೆ ಏಳುತ್ತಲೇ ಇರಲಿಲ್ಲ. ಸ್ಯಾನ್ ಹೋಸೆಯ ಬ್ಯಾಂಕ್ವೆಟ್ ಹಾಲ್‌ನಲ್ಲಿ ಅಡುಗೆ ಕೇಟರಿಂಗ್‌ನವರದು, ಹೂವು ಡೆಕೊರೇಷನ್‌ನವರದು, ಹಾಡು ಡಿಜೆಯದು. ಬಂದವರಿಗೆ ಉಳಿದಿರುವ ಕೆಲಸ ತಮ್ಮ ಟೇಬಲ್ ನಂಬರ್ ಹುಡುಕುವುದು. ನೋಡಲು ಬಂದವರು ಬರಲಿ, ಸಂತೋಷ. ಅವರಿಲ್ಲದೆ ಮದುವೆ ಊರ್ಜಿತವೇ ಅಲ್ಲ ಎನ್ನುವುದು ಮಾತ್ರ ಅತಿಯಾಯಿತು.

ಸಣ್ಣದಾಗಿ ಮಾಡಲಿ, ಗುಟ್ಟೇಕೆ? ಇದು ನ್ಯಾಯವಾದ ಪ್ರಶ್ನೆ. ಇಲ್ಲಿ ಕನ್ನಡ ಕೂಟ 1973ರಿಂದ ಇದೆ. ಯುಗಾದಿಗೆ ಸಿಗುವವರೇ ರಾಜ್ಯೋತ್ಸವಕ್ಕೂ ಸಿಗುತ್ತಾರೆ, ಲಿವರ್‌ಮೋರ್ ದೇವಸ್ಥಾನದ ಪ್ರಸಾದದ ಸಾಲಿನಲ್ಲೂ ಸಿಗುತ್ತಾರೆ. ಅವರಲ್ಲಿ ಒಬ್ಬರಿಗೆ "ಮದುವೆ ಇದೆ, ನಿಮ್ಮನ್ನು ಕರೆಯುತ್ತಿಲ್ಲ" ಎಂದು ಹೇಳಿ ನೋಡಿ. ನಮ್ಮಲ್ಲಿ ಸುದ್ದಿಯೇ ಕರೆಯೋಲೆ. ಮೊದಲೇ ತಿಳಿಸಿ ಕೈಬಿಟ್ಟರೆ ಅವಮಾನ. ಯಾರಿಗೂ ತಿಳಿಸದಿದ್ದರೆ ಇಂಥವರನ್ನೇ ಆರಿಸಿ ಬಿಟ್ಟಂತಾಗುವುದಿಲ್ಲ. ಇದೇ ಸಿಟಿ ಹಾಲ್‌ನಲ್ಲಿ 1954ರ ಜನವರಿ 14ರಂದು ಮರ್ಲಿನ್ ಮನ್ರೋ, ಜೋ ಡಿಮ್ಯಾಜಿಯೊ ಸದ್ದಿಲ್ಲದೆ ಮದುವೆಯಾಗಲು ಹೋಗಿದ್ದರು. ಆಕೆ ಸ್ಟುಡಿಯೊಗೆ ಒಂದು ಫೋನ್ ಮಾಡಿದರು, ಅಷ್ಟೇ. ಪತ್ರಕರ್ತರೂ ಅಭಿಮಾನಿಗಳೂ ಕಟ್ಟಡದೊಳಗೆ ಮುತ್ತಿಕೊಂಡರು.

ಅಲ್ಲಿಯ ಸಿವಿಲ್ ಮದುವೆಗೆ ಆರೇ ಅತಿಥಿಗಳು. ಅಕ್ಕ, ಭಾವ, ಬೀಗರಿಬ್ಬರು, ಹುಡುಗಿಯ ತಮ್ಮ. ಸೋದರಮಾವನೆಂಬ ಹಕ್ಕಿನಲ್ಲಿ ಆರನೆಯವನು ನಾನು. ಅಮೃತಶಿಲೆಯ ದೊಡ್ಡ ಮೆಟ್ಟಿಲೇರಿ ಗುಮ್ಮಟದ ಕೆಳಗೆ ನಿಂತೆವು. ಹುಡುಗಿ ಮೈಸೂರು ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿದ್ದಳು, ಫೋಟೊ ತೆಗೆಯುವ ಹೊತ್ತಿಗೆ ಅದು ನನ್ನ ಕೈಗೆ ಬಂತು. ಉಂಗುರದ ಸರದಿ ಬಂದಾಗ ಹುಡುಗ ಜೇಬಿನಿಂದ ಕರಿಮಣಿ ತೆಗೆದ. ಅಧಿಕಾರಿಣಿ ಮಾತು ನಿಲ್ಲಿಸಿ ಮೂರು ಗಂಟು ಬೀಳುವವರೆಗೂ ಕಾದರು. ಅಕ್ಷತೆ ಎರಚುವಂತಿರಲಿಲ್ಲ, ಅಕ್ಕ ನಾಲ್ಕು ಕಾಳನ್ನು ಇಬ್ಬರ ತಲೆಯ ಮೇಲಿಟ್ಟು, ಕೆಳಗೆ ಬಿದ್ದದ್ದನ್ನು ಸೆರಗಿಗೆ ಆರಿಸಿಕೊಂಡಳು. ನಾನೂರು ಜನರ ಮದುವೆಯಲ್ಲಿ ಹೆಣ್ಣಿನ ತಾಯಿ ತಾಳಿ ಕಟ್ಟುವುದನ್ನು ನೋಡಿದ್ದುಂಟೇ? ಆ ಹೊತ್ತಿಗೆ ಆಕೆ ಉಗ್ರಾಣದಲ್ಲಿರುತ್ತಾಳೆ.

ಗುಟ್ಟಿನ ವಿರುದ್ಧ ಗಟ್ಟಿ ವಾದವೆಂದರೆ ಶಕುಂತಲೆಯದು. ಗಾಂಧರ್ವ ವಿವಾಹಕ್ಕೆ ಸಾಕ್ಷಿಯಿರಲಿಲ್ಲ, ದುಷ್ಯಂತ ಗುರುತೇ ಇಲ್ಲವೆಂದ, ಬೀದಿಗೆ ಬಿದ್ದವಳು ಅವಳು. ಇದನ್ನು ಹಗುರವಾಗಿ ತಳ್ಳಲಾಗದು. ಆದರೆ ಅವಳಿಗೆ ಬೇಕಿದ್ದದ್ದು ಜನಜಂಗುಳಿಯಲ್ಲ, ದಾಖಲೆ. ಮೀನು ನುಂಗಲಾರದ ಉಂಗುರ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಲೈಸೆನ್ಸ್‌ಗೆ ಒಬ್ಬ ಸಾಕ್ಷಿ ಸಾಕು. ಗೋಪ್ಯ ಲೈಸೆನ್ಸ್ ಎಂಬುದೂ ಇದೆ: ಸಾಕ್ಷಿಯೇ ಬೇಡ, ಮದುವೆ ಕೌಂಟಿಯಲ್ಲಿ ದಾಖಲಾಗುತ್ತದೆ, ಆದರೆ ಆ ದಂಪತಿ ಅಥವಾ ನ್ಯಾಯಾಲಯ ಕೇಳದೆ ಪ್ರತಿ ಸಿಗದು. (ಅದಕ್ಕೆ ಈಗಾಗಲೇ ಒಟ್ಟಿಗೆ ಬಾಳುತ್ತಿದ್ದೇವೆ ಎಂದು ಪ್ರಮಾಣ ಮಾಡಬೇಕು. ದೊಡ್ಡಮ್ಮನಿಗೆ ಇದನ್ನು ಹೇಳಲಿಲ್ಲ.) ನಮ್ಮ 1954ರ ವಿಶೇಷ ವಿವಾಹ ಕಾಯ್ದೆ ಇದರ ತದ್ವಿರುದ್ಧ, ಮೂವತ್ತು ದಿನ ಮೊದಲೇ ನೋಟಿಸ್ ಅಂಟಿಸುತ್ತದೆ. ಜಾತಿ ಮೀರಿದ ಜೋಡಿಗೆ ಆ ಮೂವತ್ತು ದಿನ ಹೇಗಿರುತ್ತದೆಂದು ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ತಮಿಳುನಾಡಿನ ಸ್ವಾಭಿಮಾನ ವಿವಾಹದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಅಂಥ ಮದುವೆಗೆ ಸಾರ್ವಜನಿಕ ಘೋಷಣೆ ಬೇಕಿಲ್ಲ ಎಂದಿತು. ಮನೆಯವರ ವಿರೋಧ, ಪ್ರಾಣಭಯ ಇರುವವರು ಬಹಿರಂಗವಾಗಿ ಮದುವೆಯಾಗಲಾರರು ಎಂಬುದೂ ಅದರ ಗಮನದಲ್ಲಿತ್ತು.

ಹಾಗೆಂದು ಗುಟ್ಟಿನ ಮದುವೆಯವರೆಲ್ಲ ತಮ್ಮನ್ನು ಮಂತ್ರಮಾಂಗಲ್ಯದ ವಾರಸುದಾರರು ಎಂದುಕೊಳ್ಳುವುದು ಬೇಡ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಸರಳವಾಗಿ ಮಾಡಿದ್ದು ನಾಡಿಗೆ ಒಂದು ದಾರಿ ತೋರಿಸಲು, ಮುಚ್ಚಿಡಲು ಅಲ್ಲ. ಇಲ್ಲಿ ಆರು ಜನರಲ್ಲಿ ಮುಗಿಸಿ, ಡಿಸೆಂಬರ್ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಎಂಟುನೂರು ಎಲೆ ಹಾಕಿಸುವವರೂ ಇದ್ದಾರೆ. ಹಾಕಿಸಲಿ, ಆದರೆ ಸರಳತೆಯ ಭಾಷಣ ಬಿಡಲಿ. ಅಜ್ಜಿಗೂ ತಿಳಿಸದೆ ಮಾಡಿದರೆ ಅದನ್ನು ನಾನು ಸಮರ್ಥಿಸಲಾರೆ. ನಮ್ಮ ಹುಡುಗಿ ವೀಸಾ ಸಿಗದ ಅಜ್ಜಿಗೆ ತಿಂಗಳ ಮೊದಲೇ ಹೇಳಿದ್ದಳು. ಅಜ್ಜಿ ಗುಟ್ಟು ಕಾಪಾಡಿದರು. ದೊಡ್ಡಮ್ಮನ ನಿಜವಾದ ಸಿಟ್ಟು ಅದಕ್ಕೇ.

ಊಟ ತಪ್ಪಿತೆಂದು ಮುನಿಸಿಕೊಂಡವರು ಒಂದು ಫೋನ್ ಮಾಡಿ. ಹುಡುಗಿ ಎತ್ತುತ್ತಾಳೆ, ಮನೆಗೂ ಕರೆಯುತ್ತಾಳೆ. ಹೋಗುವಾಗ ಒಂದು ಕಾಯಿ ಹಿಡಿದುಕೊಂಡು ಹೋಗಿ, ತುರಿದುಕೊಟ್ಟು ಬನ್ನಿ.