ಹಂಚಿನ ಮೇಲಿಟ್ಟ ಸೆಲ್ಲು

ನಮ್ಮ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ಖಾನಾಪುರದ ಆಚೆ, ಕಾಡಿನ ಸೆರಗಿಗಿರುವ ನಮ್ಮ ಹಳೆಯ ಮನೆಯಲ್ಲಿ ಅಜ್ಜ ಬೆಳಕು ಮಂಕಾದ ಸೆಲ್ಲುಗಳನ್ನು ಎಂದೂ ಎಸೆದವನಲ್ಲ. ಹಿತ್ತಲ ಕಡೆಯ ಇಳಿಜಾರು ಹಂಚಿನ ಮೇಲೆ ಸಾಲಾಗಿ ಇಟ್ಟು ಒಂದು ಹಗಲು ಬಿಸಿಲು ಕುಡಿಸುತ್ತಿದ್ದ. ಸಂಜೆ ಮತ್ತೆ ತುಂಬಿದರೆ ಗದ್ದೆಗೆ ಹೋಗಿ ಬರುವಷ್ಟು ಬೆಳಕಿಗೆ ಮೋಸವಿರಲಿಲ್ಲ. ಅದು ಬರೀ ನಂಬಿಕೆ ಅನ್ನುವಂತಿಲ್ಲ. ಸತುವಿನ ಡಬ್ಬಿ, ಮ್ಯಾಂಗನೀಸ್ ಡೈಆಕ್ಸೈಡಿನ ಕರಿಹಿಟ್ಟು, ನಡುವೆ ಇಂಗಾಲದ ಕಡ್ಡಿ ಇರುವ ಆ ಸೆಲ್ಲು ದುಡಿದು ದಣಿದಾಗ ಬಿಡುವು ಸಿಕ್ಕರೆ ತುಸು ಚೇತರಿಸಿಕೊಳ್ಳುತ್ತದೆ, ಬಿಸಿ ತಾಕಿದರೆ ಒಳಗಿನ ಕ್ರಿಯೆ ಚುರುಕಾಗುತ್ತದೆ. ಅಜ್ಜನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಸೆಲ್ಲು ಗೊತ್ತಿತ್ತು.

ಹೋದ ವರ್ಷ ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಅಣ್ಣನ ಮಗ ತನ್ನ ನಿಂಟೆಂಡೊ ಸ್ವಿಚ್ ತಂದಿದ್ದ. ಬೆಳಗಾವಿ ಕ್ಯಾಂಪ್‌ನ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ತಾಸೆರಡು ತಾಸಿಗೆ ಬರುತ್ತದೆ. ಖಾನಾಪುರದ ಕಾಡುಮಳೆಯಲ್ಲಿ ತಂತಿಯ ಮೇಲೆ ಒಂದು ಟೊಂಗೆ ಬಿತ್ತೆಂದರೆ ಎರಡು ದಿನ ಆರಾಮಾಗಿ ಕಳೆಯುತ್ತದೆ. ಮೊದಲ ರಾತ್ರಿಯೇ ಅವನ ಆಟ ನಿಂತಿತು. "ಬ್ಯಾಟ್ರಿ ಖಾಲಿ ಆತು" ಎಂದು ಗೊಣಗಿ ಮಲಗಿದ. ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿದ್ದಿತ್ತು. ಅವ್ವ ಹುಳ ಬಿದ್ದ ಅಕ್ಕಿಯನ್ನು ಚಾಪೆಯ ಮೇಲೆ ಹರವಿ, ಅದರ ಮೂಲೆಗೆ ಆ ಗೇಮನ್ನೂ ಇಟ್ಟಿದ್ದಳು. "ಬಿಸಲಿಗೆ ಇಟ್ಟೇನಿ, ಸಂಜಿಗೆ ಚಲೋ ಆಕ್ಕೈತಿ." ಹುಡುಗ ಚೀರಿಕೊಂಡು ಓಡಿದ. ನಾನು ನಕ್ಕೆ.

ಆಮೇಲೆ ಯೋಚಿಸಿದರೆ, ಅವ್ವನೊಬ್ಬಳನ್ನೇ ನೋಡಿ ನಗುವುದು ನ್ಯಾಯವಲ್ಲ ಅನ್ನಿಸಿತು. ಕೈಯಲ್ಲಿ ಹಿಡಿದು ಆಡುವ ಗೇಮ್‌ಗಳ ಬ್ಯಾಟರಿ ಹೆಚ್ಚು ಹೊತ್ತು ಬರುವಂತೆ ಮಾಡುವುದು ಹೇಗೆ ಎಂದು ಅಂಗಡಿಯವರು, ಕಾಲೇಜಿನ ಗೆಳೆಯರು, ಯೂಟ್ಯೂಬಿನ ಪಂಡಿತರು ಹೇಳುವುದರಲ್ಲಿ ಅರ್ಧಕ್ಕರ್ಧ ಇದೇ ಜಾತಿಯದು. ಯಾವುದೋ ಕಾಲದ ಯಾವುದೋ ಸೆಲ್ಲಿಗೆ ಸರಿಯಾಗಿದ್ದ ಮಾತು, ಸೆಲ್ಲು ಸತ್ತ ಮೇಲೂ ಬದುಕಿಕೊಂಡಿದೆ. "ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು" ಎಂಬುದು ನಿಕಲ್-ಕ್ಯಾಡ್ಮಿಯಂ ಕಾಲದ ಬುದ್ಧಿ. ಈಗಿನ ಗೇಮ್‌ಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿನ ಕೆಲಸಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ನೊಬೆಲ್ ಬಂದದ್ದು 2019ರಲ್ಲಿ. ಇಷ್ಟೆಲ್ಲ ಆದರೂ ನಮ್ಮ ಸಲಹೆಗಳು ಹಂಚಿನ ಮೇಲಿಂದ ಇಳಿದಿಲ್ಲ. ಲಿಥಿಯಂಗೆ ಬಿಸಿಲೆಂದರೆ ಆಗದು, ಪೂರ್ತಿ ಖಾಲಿಯಾಗುವುದೂ ಆಗದು. ಅಜ್ಜನ ವಿದ್ಯೆಯನ್ನು ಸಾಲುಸಾಲಾಗಿ ತಿರುವಿ ಓದಿದರೆ ಇಂದಿನ ಬ್ಯಾಟರಿಯ ಶಾಸ್ತ್ರ ಸಿಗುತ್ತದೆ.

ಈ ಸಲಹೆಗಳ ಇನ್ನೊಂದು ದೋಷ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡು ಬೇರೆ ಲೆಕ್ಕಗಳನ್ನು ಅವು ಒಂದೇ ಖಾತೆಗೆ ಬರೆಯುತ್ತವೆ. ಇವತ್ತು ರಾತ್ರಿ ಎಷ್ಟು ತಾಸು ಬರುತ್ತದೆ ಎಂಬುದು ಒಂದು. ಎಷ್ಟು ವರ್ಷ ಬಾಳುತ್ತದೆ ಎಂಬುದು ಇನ್ನೊಂದು. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದಾಗಬಹುದು. ಎಂಬತ್ತಕ್ಕೆ ಚಾರ್ಜ್ ನಿಲ್ಲಿಸಿದರೆ ಬಾಳಿಕೆ ಹೆಚ್ಚುತ್ತದೆ, ಇವತ್ತಿನ ಹೊತ್ತು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಖಾನಾಪುರದಲ್ಲಿ ಕರೆಂಟಿಲ್ಲದ ರಾತ್ರಿಗೆ ಹೊರಟ ಹುಡುಗನಿಗೆ ಎಂಬತ್ತರ ಉಪದೇಶ ಮಾಡುವವನು ಊಟಕ್ಕೆ ಕೂತವನಿಗೆ ಉಪವಾಸದ ಮಹಿಮೆ ಹೇಳಿದಂತೆ.

ಮೊದಲು ಇವತ್ತಿನ ಲೆಕ್ಕ ನೋಡೋಣ. ಅದು ಬರೀ ಭಾಗಾಕಾರ. ಸ್ಟೀಮ್ ಡೆಕ್ ಎಂಬ ಯಂತ್ರದ ಮೊದಲ ಮಾದರಿಯಲ್ಲಿರುವುದು 40 ವ್ಯಾಟ್-ಅವರ್ ಬ್ಯಾಟರಿ. ದೊಡ್ಡ ಆಟವೊಂದು ಇಡೀ ಯಂತ್ರದಿಂದ 25 ವ್ಯಾಟ್ ಎಳೆದರೆ ಒಂದೂವರೆ ತಾಸಿನ ಮೇಲೆ ಚೂರು. ಅದನ್ನೇ 8 ವ್ಯಾಟ್‌ಗೆ ಇಳಿಸಿದರೆ ಐದು ತಾಸು. ಹೊಟ್ಟೆ ಅಷ್ಟೇ, ಹಸಿವು ಬೇರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಹಸಿವು ಎಲ್ಲಿದೆ? ಪರದೆಯ ಬೆಳಕಿನಲ್ಲಿದೆ, ಮತ್ತು ಸೆಕೆಂಡಿಗೆ ಎಷ್ಟು ಚಿತ್ರ ಬರೆಯಬೇಕು ಎಂದು ಚಿಪ್ಪಿಗೆ ಹೇಳುವ ಆಜ್ಞೆಯಲ್ಲಿದೆ. ಮಿಕ್ಕಿದ್ದೆಲ್ಲ ಚಿಲ್ಲರೆ. ಏರ್‌ಪ್ಲೇನ್ ಮೋಡ್, ಕಂಪನ ಬಂದ್ ಮಾಡುವುದು, ಸದ್ದು ಕಡಿಮೆ ಮಾಡುವುದು: ಇವುಗಳಿಂದ ಸಿಗುವುದು ನಿಮಿಷಗಳು. ಕಪ್ಪು ಥೀಮ್ ಹಾಕಿದರೆ ಉಳಿತಾಯ ಎಂಬ ಮಾತು ಓಎಲ್‌ಇಡಿ ಪರದೆಗೆ ನಿಜ, ಅಲ್ಲಿ ಕಪ್ಪು ಚುಕ್ಕೆ ಅಂದರೆ ಆರಿದ ದೀಪ. ಸಾದಾ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುತ್ತದೆ. ಕಪ್ಪು ಬಣ್ಣ ಅದಕ್ಕೆ ಹಾಕಿದ ಪರದೆಯಷ್ಟೇ.

ಚಿತ್ರಗಳ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು, 30 ಎಂದರೆ 33.3. ಇವೆರಡರ ನಟ್ಟನಡುವೆ ಇರುವುದು 45 ಅಂತ ಯಾರಿಗಾದರೂ ಅನ್ನಿಸುತ್ತದೆ. ಕಣ್ಣಿನ ಪಾಲಿಗೆ ನಡು 40. ಆಗ ಒಂದು ಚಿತ್ರಕ್ಕೆ ಸಿಗುವುದು ಸರಿಯಾಗಿ 25 ಮಿಲಿಸೆಕೆಂಡು. ಕೆಲಸದಲ್ಲಿ ಮೂರರಲ್ಲಿ ಒಂದು ಪಾಲು ಕಡಿತ, ನೋಟದಲ್ಲಿ ಅರ್ಧ ದಾರಿಯಷ್ಟೇ ಇಳಿಕೆ. ಇದರ ಮೇಲೆ ಇನ್ನೊಂದು ಲಾಭವಿದೆ. ಚಿಪ್ಪು ನಿಧಾನ ಓಡಬಹುದು ಅಂದಾಗ ಅದಕ್ಕೆ ಕೊಡುವ ವೋಲ್ಟೇಜನ್ನೂ ಇಳಿಸಬಹುದು. ಅದು ಉಣ್ಣುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ವೇಗ ಇಳಿದದ್ದಕ್ಕಿಂತ ಖರ್ಚು ಜಾಸ್ತಿ ಇಳಿಯುತ್ತದೆ. ಗಾಡಿಯನ್ನು ಐದನೇ ಗೇರಿನಲ್ಲಿ ಹದವಾಗಿ ಓಡಿಸುವವನಿಗೂ ಎರಡನೇ ಗೇರಿನಲ್ಲಿ ಕೂಗಿಸುವವನಿಗೂ ಪೆಟ್ರೋಲ್ ಲೆಕ್ಕ ಒಂದೇ ಬರುವುದಿಲ್ಲವಲ್ಲ, ಹಾಗೆ.

ಇದನ್ನು ಬಹಳ ಮೊದಲೇ ಅರ್ಥ ಮಾಡಿಕೊಂಡವನು ನಿಂಟೆಂಡೊದ ಗುನ್‌ಪೇ ಯೊಕೊಯ್. 1989ರಲ್ಲಿ ಬಂದ ಗೇಮ್ ಬಾಯ್‌ಗೆ ಅವನು ಬಣ್ಣವಿಲ್ಲದ, ಹಿಂದೆ ದೀಪವಿಲ್ಲದ, ನಾಲ್ಕೇ ಛಾಯೆಯ ಪರದೆ ಇಟ್ಟ. ಹಳತಾಗಿ, ಅಗ್ಗವಾಗಿ, ಎಲ್ಲರ ಕೈಗೆ ಪಳಗಿದ ತಂತ್ರವನ್ನೇ ಹೊಸ ಕಡೆ ಬಳಸುವುದು ಅವನ ಪಂಥ. ನಾಲ್ಕು ಪೆನ್ಸಿಲ್ ಸೆಲ್ಲಿಗೆ ಹತ್ತು ಹದಿನೈದು ತಾಸು ಆಟ. ಆಚೆ ಸೆಗಾ ಕಂಪನಿಯ ಗೇಮ್ ಗಿಯರ್ ಬಣ್ಣದ ಪರದೆ, ಅದರ ಹಿಂದೊಂದು ಪುಟ್ಟ ಟ್ಯೂಬ್‌ಲೈಟ್ ಇಟ್ಟುಕೊಂಡು ಬಂತು. ಆರು ಸೆಲ್ಲು ತಿಂದು ಮೂರರಿಂದ ಐದು ತಾಸಿಗೆ ಕಣ್ಣು ಮುಚ್ಚುತ್ತಿತ್ತು. ಚಂದ ಇದ್ದದ್ದು ಯಾವುದು ಎಂದು ಕೇಳಿದರೆ ಗೇಮ್ ಗಿಯರ್. ಉಳಿದದ್ದು ಯಾವುದು ಎಂದು ಕೇಳಿದರೆ ಗೊತ್ತೇ ಇದೆ.

ನನಗೆ ಗೇಮ್ ಬಾಯ್‌ನಲ್ಲಿ ಇಷ್ಟವಾಗುವ ಸಂಗತಿ ಇನ್ನೂ ಸಣ್ಣದು. ಅದರ ಚಿಪ್ಪಿನಲ್ಲಿ 'ಹಾಲ್ಟ್' ಎಂಬ ಒಂದು ಆಜ್ಞೆ ಇತ್ತು. ಪರದೆ ಮುಂದಿನ ಚಿತ್ರಕ್ಕೆ ಸಿದ್ಧವಾಗುವವರೆಗೆ ಚಿಪ್ಪು ಸುಮ್ಮನೆ ಗಾಣದೆತ್ತಿನಂತೆ ಸುತ್ತುವ ಬದಲು ನಿಂತು ಕಾಯಲಿ ಎಂದು. ಒಳ್ಳೆಯ ಪ್ರೋಗ್ರಾಮರ್ ಅದನ್ನು ಹಾಕುತ್ತಿದ್ದ, ಸೋಮಾರಿ ಬಿಡುತ್ತಿದ್ದ. ಆಡುವ ಹುಡುಗನಿಗೆ ಇದೊಂದೂ ಕಾಣುತ್ತಿರಲಿಲ್ಲ; ಅವನ ಅಪ್ಪನ ಸೆಲ್ಲಿನ ಖರ್ಚಿನಲ್ಲಿ ಮಾತ್ರ ಕಾಣುತ್ತಿತ್ತು. ನಮ್ಮ ಪೀಳಿಗೆಗೆ ಬೆಳಗಾವಿಯಲ್ಲಿ ಸಿಕ್ಕದ್ದು ಗೇಮ್ ಬಾಯ್ ಕೂಡ ಅಲ್ಲ, ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮು. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ವಾರಗಟ್ಟಲೆ ಮರೆತುಬಿಡಬಹುದಿತ್ತು. ಕತ್ತಲಾದರೆ ಆಡಲಾಗುತ್ತಿರಲಿಲ್ಲ ಎಂಬುದೊಂದು ಕೊರತೆ. ಅದನ್ನು ನಮ್ಮ ಮನೆಗಳಲ್ಲಿ ಯಾರೂ ಕೊರತೆ ಎಂದು ಭಾವಿಸಲಿಲ್ಲ.

ಹಸಿವು ಇಳಿಸಬೇಕೆಂಬ ಇದೇ ಮಾತನ್ನು ಸೋನಿ ಇನ್ನೊಂದು ರೀತಿಯಲ್ಲಿ ಒಪ್ಪಿಕೊಂಡಿತು. ಅದರ ಪಿಎಸ್‌ಪಿ ಎಂಬ ಕೈಯಂತ್ರದ ಚಿಪ್ಪು 333 ಮೆಗಾಹರ್ಟ್ಸ್ ಓಡಬಲ್ಲದಾಗಿದ್ದರೂ ಆಟಗಳಿಗೆ 222ರ ಲಗಾಮು ಹಾಕಿ ಮಾರಿದರು. ಲಗಾಮು ಸಡಿಲಿಸಿದ್ದು 2007ರಲ್ಲಿ.

ಹಸಿವು ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೆಚ್ಚಿನ ಪುರಾವೆ ಸ್ವಿಚ್ಚೇ. 2017ರ ಮೊದಲ ಮಾದರಿಗೆ ಕಂಪನಿ ಹೇಳಿದ್ದು ಎರಡೂವರೆಯಿಂದ ಆರೂವರೆ ತಾಸು. 2019ರಲ್ಲಿ ಸದ್ದಿಲ್ಲದೆ ಬಂದ ಮಾದರಿಗೆ ನಾಲ್ಕೂವರೆಯಿಂದ ಒಂಬತ್ತು. ಬ್ಯಾಟರಿ ಎರಡರಲ್ಲೂ ಅದೇ 4310 ಮಿಲಿಆಂಪ್-ಅವರ್. ಬದಲಾದದ್ದು ಮುಖ್ಯವಾಗಿ ಚಿಪ್ಪು, ಇನ್ನೂ ಸಣ್ಣ ಗೀರುಗಳಲ್ಲಿ ಕೆತ್ತಿದ್ದು. ಜೆಲ್ಡಾದ 'ಬ್ರೆತ್ ಆಫ್ ದ ವೈಲ್ಡ್' ಮೊದಲು ಸುಮಾರು ಮೂರು ತಾಸು, ಆಮೇಲೆ ಐದೂವರೆ. ಇದಕ್ಕೆ ಎದುರಾದ ಪುರಾವೆಯೂ ಅದೇ ಕಂಪನಿಯಿಂದ ಬಂತು. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2ರ ಬ್ಯಾಟರಿ 5220, ಎಂದರೆ ಹೊಟ್ಟೆ ದೊಡ್ಡದಾಯಿತು. ಹೊತ್ತು ಮಾತ್ರ ಎರಡರಿಂದ ಆರೂವರೆ ತಾಸು. ದೊಡ್ಡ ಬ್ಯಾಟರಿ ನೋಡಿ ಯಂತ್ರ ಕೊಳ್ಳುವವರು ಈ ಎರಡು ಸಾಲನ್ನು ಅಂಗಡಿಗೆ ಹೋಗುವ ಮುಂಚೆ ಓದಿಕೊಳ್ಳಬೇಕು.

ಇಲ್ಲಿ ನಿಂಟೆಂಡೊ ಮೇಲೆ ನನಗೊಂದು ತಕರಾರಿದೆ. ಹಸಿವಿನ ಕೀಲಿಯನ್ನು ಅದು ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿದೆ. ಹುಡುಗನ ಸ್ವಿಚ್ಚಿನಲ್ಲಿ ಅವನ ಕೈಗೆ ಸಿಗುವ ದೊಡ್ಡ ಗುಂಡಿ ಬೆಳಕಿನದೊಂದೇ. ಚಿತ್ರಗಳ ಸಂಖ್ಯೆಗೆ ಮಿತಿ ಹಾಕುವ ಅವಕಾಶ ಇಲ್ಲ. ಆಟ ಮಾಡಿದವರು ದಯೆ ತೋರಿಸಿದರೆ ಉಂಟು. ಸ್ಟೀಮ್ ಡೆಕ್ ಇದರ ತದ್ವಿರುದ್ಧ. ಪಕ್ಕದ ಗುಂಡಿ ಒತ್ತಿದರೆ ಚಿತ್ರದ ಮಿತಿ, ಚಿಪ್ಪಿಗೆ 3ರಿಂದ 15 ವ್ಯಾಟ್ ನಡುವಿನ ಕಡಿವಾಣ, ಈ ಕ್ಷಣ ಎಷ್ಟು ವ್ಯಾಟ್ ಹರಿಯುತ್ತಿದೆ ಎಂಬ ಮೀಟರು, ಎಲ್ಲವೂ ಕಣ್ಣೆದುರು. ತಾತ್ವಿಕವಾಗಿ ನಾನು ಇದರ ಪರ. ಆದರೆ ಹುಡುಗನ ಗೆಳೆಯನೊಬ್ಬ, ಇಂಜಿನಿಯರಿಂಗ್ ಓದುವವನು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಆಡುವುದನ್ನು ನೋಡಿದ್ದೇನೆ. ಎದುರಿಗೆ ರಾಕ್ಷಸ ನಿಂತಿದ್ದಾನೆ, ಇವನ ಕಣ್ಣು ಮೂಲೆಯ ಮೀಟರಿನ ಮೇಲಿದೆ. "ಹನ್ನೊಂದ ವ್ಯಾಟಿಗೆ ಬಂತ ನೋಡ್ರಿ ಕಾಕಾ" ಎಂದು ನನಗೆ ತೋರಿಸುವಷ್ಟರಲ್ಲಿ ಸತ್ತ. ಆಟಕ್ಕಿಂತ ಉಳಿತಾಯವೇ ಆಟವಾಗಿಬಿಟ್ಟಿತ್ತು.

ಪವರ್ ಬ್ಯಾಂಕ್ ಎಂಬ ಸುಲಭ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 20,000 ಮಿಲಿಆಂಪ್-ಅವರ್ ಎಂದು ಬರೆದದ್ದು 74 ವ್ಯಾಟ್-ಅವರ್. ವೋಲ್ಟೇಜ್ ಏರಿಸಿ ಕೊಡುವಲ್ಲಿ ಸ್ವಲ್ಪ ಸೋರಿ ಹೋಗುತ್ತದೆ. ಆದರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಖಾನಾಪುರ ದಾಟಿ ಬೆಂಗಳೂರು ಮುಟ್ಟುವತನಕ ಸ್ವಿಚ್ಚಿಗೆ ಅದು ಧಾರಾಳ. ಬೆಳಗಾವಿಯ ಸಾಂಬ್ರಾದಿಂದ ವಿಮಾನ ಹತ್ತುವವರು ಅದನ್ನು ಕೈಚೀಲದಲ್ಲೇ ಇಡಬೇಕು, 100 ವ್ಯಾಟ್-ಅವರ್ ದಾಟಿದ್ದಾದರೆ ವಿಮಾನದವರ ಒಪ್ಪಿಗೆ ಬೇಕು.

ಇನ್ನು ಬಾಳಿಕೆಯ ಖಾತೆ. ನಮ್ಮಂಥ ಊರಿನಲ್ಲಿ ಇದಕ್ಕೆ ತೂಕ ಹೆಚ್ಚು. ಹುಡುಗನ ಯಂತ್ರ ದುಬೈಯಿಂದ ಸಂಬಂಧಿಕರ ಪೆಟ್ಟಿಗೆಯಲ್ಲಿ ಬಂದದ್ದು, ಗ್ಯಾರಂಟಿ ಚೀಟಿ ಇಲ್ಲಿ ನಡೆಯುವುದಿಲ್ಲ. ಮೂರು ವರ್ಷಕ್ಕೆ ಹೊತ್ತು ಅರ್ಧಕ್ಕಿಳಿಯಿತು. ಒಂದು ಅಂಗಡಿಯಲ್ಲಿ ಬ್ಯಾಟರಿ ಬದಲಿಸಿದೆವು. 'ಒರಿಜಿನಲ್' ಎಂದೇ ಹೇಳಿದರು. ಏಳು ತಿಂಗಳಿಗೆ ಹಿಂದಿನ ಮುಚ್ಚಳ ತುಸು ಎದ್ದಂತೆ ಕಂಡಿತು. ಅವ್ವನೇ ಮೊದಲು ನೋಡಿದ್ದು: "ಇದರ ಹೊಟ್ಟಿ ಉಬ್ಬೈತಲ್ಲೋ." ಲಿಥಿಯಂ ಬ್ಯಾಟರಿ ಒಳಗೆ ಕೆಟ್ಟು ಅನಿಲ ತುಂಬಿಕೊಂಡರೆ ಹೀಗಾಗುತ್ತದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು. ತೆಗೆಸಿದೆವು.

ಬ್ಯಾಟರಿಯನ್ನು ಬೇಗ ಮುದಿಯಾಗಿಸುವವು ಮುಖ್ಯವಾಗಿ ಎರಡು: ಶಾಖ, ಮತ್ತು ತುಂಬಿದ ಹೊಟ್ಟೆಯಲ್ಲೇ ದಿನಗಟ್ಟಲೆ ಇರುವುದು. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಸಿಡಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗಿಲ್ಲ, ತುಂಬಿದ ಮೇಲೆ ಯಂತ್ರವೇ ಚಾರ್ಜ್ ನಿಲ್ಲಿಸುತ್ತದೆ. ಆದರೆ ದಿಂಬಿನ ಕೆಳಗೆ, ನೂರಕ್ಕೆ ನೂರು ತುಂಬಿಕೊಂಡು, ಬೆಚ್ಚಗೆ ಕೂತಿರುತ್ತದಲ್ಲ, ಸವೆತ ಅಲ್ಲಿಯದು. ಕಂಪನಿಗಳು ಇದು ಗೊತ್ತಿದ್ದೂ ಬಹುಕಾಲ ಬಾಯಿ ಬಿಡಲಿಲ್ಲ. ಸ್ವಿಚ್ 2ರಲ್ಲಿ ಕೊನೆಗೂ 90ರ ಆಸುಪಾಸಿಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಕೊಟ್ಟಿದ್ದಾರೆ. ಹಳೆಯದಕ್ಕೂ ಒಂದು ಅಪ್‌ಡೇಟ್‌ನಲ್ಲಿ ಕೊಡಬಹುದಿತ್ತು.

ಇಷ್ಟೇ ಕೆಟ್ಟದ್ದು ಪೂರ್ತಿ ಖಾಲಿಯಾಗಿ ಬೀರುವಿನಲ್ಲಿ ಬಿದ್ದಿರುವುದು. ಆಡದಿದ್ದರೂ ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ ಎಂದು ನಿಂಟೆಂಡೊವೇ ಹೇಳುತ್ತದೆ. ಇಲ್ಲವಾದರೆ ಮತ್ತೆ ಚಾರ್ಜ್ ತೆಗೆದುಕೊಳ್ಳದೇ ಹೋಗಬಹುದು. ನಮ್ಮ ಮನೆಗಳಲ್ಲಿ ಈ ಅಪಾಯಕ್ಕೆ ಒಂದು ನಿಶ್ಚಿತ ಋತುವಿದೆ. ಪ್ರತಿ ಫೆಬ್ರವರಿಗೆ, ಪರೀಕ್ಷೆ ಹತ್ತಿರ ಬಂದಾಗ, ಅತ್ತಿಗೆ ಗೇಮನ್ನು ಕಸಿದುಕೊಂಡು ಸೀರೆಗಳ ಕೆಳಗೆ ಇಟ್ಟು ಬೀಗ ಹಾಕುತ್ತಾಳೆ. ಕೊನೆಯ ಹನಿಯವರೆಗೂ ಆಡಿದ ಮೇಲೆಯೇ ಅದು ಅವಳ ಕೈಗೆ ಸಿಗುವುದು ರೂಢಿ.

ಈ ಸಲ ಅವಳು ಕೈ ಚಾಚಿದಾಗ ಹುಡುಗ ಜಗಳ ಮಾಡಲಿಲ್ಲ. ವೈರು ಹುಡುಕುತ್ತಿದ್ದ. "ತಡಿ ಮಮ್ಮಿ, ಅರ್ಧಾ ಚಾರ್ಜ್ ಮಾಡಿ ಕೊಡ್ತೀನಿ."