ನೋಡುವ ಮಗು, ಹಾಡುವ ಮಗು: ಹೊಸ ಅಲೆಯ ಸಿನಿಮಾ ಮತ್ತು ಹಾವೇರಿ ಸೀಮೆಯ ಮಕ್ಕಳ ಹಬ್ಬಗಳು

ನವ್ಯ ಸಾಹಿತ್ಯದ ಬೆನ್ನಲ್ಲೇ 1970ರ ದಶಕದಲ್ಲಿ ರೂಪುಗೊಂಡು, ತಾರಾಮೌಲ್ಯವನ್ನು ಬದಿಗಿಟ್ಟು ಸಮಾಜವಿಮರ್ಶೆಯನ್ನು ಕೈಗೆತ್ತಿಕೊಂಡ ಕನ್ನಡದ ಹೊಸ ಅಲೆಯ ಸಿನಿಮಾ, ಸಂಪ್ರದಾಯವನ್ನು ಪರೀಕ್ಷಿಸಲು ಮಗುವಿನ ಕಣ್ಣನ್ನು ಮತ್ತೆ ಮತ್ತೆ ಬಳಸಿಕೊಂಡಿದೆ. ಗಿರೀಶ ಕಾರ್ನಾಡರ ‘ಕಾಡು’ ಚಿತ್ರದ ಕಿಟ್ಟಿ ದೊಡ್ಡವರ ಹಗೆಯನ್ನು ಕಂಡರೆ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ವೇದಪಾಠಕ್ಕೆ ಬಂದ ನಾಣಿ, ವಿಧವೆ ಯಮುನೆಯನ್ನು ಬದುಕಿರುವಾಗಲೇ ಸತ್ತವಳೆಂದು ಸಾರುವ ಬಹಿಷ್ಕಾರಕ್ಕೆ ಸಾಕ್ಷಿಯಾಗುತ್ತಾನೆ. ವಿಧಿಯ ಸಮರ್ಥನೆಗಳನ್ನು ಇನ್ನೂ ಕಲಿಯದ ಮಗುವಿನೆದುರು ಅದರ ಕ್ರೌರ್ಯ ಮರೆಯಿಲ್ಲದೆ ಕಾಣುವುದೇ ಈ ಕ್ರಮದ ಶಕ್ತಿ. ಆದರೆ ಆಚರಣೆ ದೊಡ್ಡವರದು, ಮಗುವಿನದು ಬರಿಯ ನೋಟ ಎಂಬ ಪೂರ್ವಗ್ರಹವೂ ಅದರೊಳಗೇ ಇದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಬ್ಬಗಳು ಈ ಗ್ರಹಿಕೆಗೆ ಹೊಂದುವುದಿಲ್ಲ. ಆಷಾಢದ ಮಂಗಳವಾರಗಳಂದು ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನ ಮೂರ್ತಿಯನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ, ಹಾಡುತ್ತ ಮನೆಮನೆಗೆ ಹೋಗಿ ಕಾಳುಕಡಿ ಬೇಡುತ್ತಾರೆ. ಹೋಳಿಯಲ್ಲಿ ಹುಡುಗರು ಹಲಗಿ ಬಾರಿಸುತ್ತ ಕಾಮನ ಸುಡಲು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಮೊಹರಮ್ಮಿನಲ್ಲಿ ಹರಕೆ ಹೊತ್ತ ಮನೆಯ ಮಕ್ಕಳು ಫಕೀರರಾಗುತ್ತಾರೆ. ತಾಂಡಾಗಳಲ್ಲಿ, ಅಂದರೆ ಲಂಬಾಣಿಗರ ವಸತಿಗಳಲ್ಲಿ, ದೀಪಾವಳಿಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಯ ಮುಂದೆ ಹಾಡಿ ಹರಸುವ ‘ಮೇರಾ’ ಪೂರ್ತಿಯಾಗಿ ಲಂಬಾಣಿ ಮಾತಿನಲ್ಲೇ ನಡೆಯುತ್ತದೆ. ಸ್ವಂತ ಲಿಪಿಯಿಲ್ಲದ, ಶಾಲೆಯಲ್ಲಿ ಎಡೆಯಿಲ್ಲದ ನುಡಿಗೆ ಇಂಥ ಹಬ್ಬವೇ ಪಾಠಶಾಲೆ.

ಈ ಸೀಮೆಯ ಕನ್ನಡಕ್ಕೆ ಸಿನಿಮಾ ಸಲ್ಲಿಸಿದ ದೊಡ್ಡ ಗೌರವವೆಂದರೆ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990). ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ತತ್ವಪದಗಳ ಜೊತೆಗೆ, ಕರ್ಬಲಾದ ಶೋಕಕಥನವನ್ನು ಹೆಜ್ಜೆಮೇಳದವರು ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಪದಗಳನ್ನೂ ಕಟ್ಟಿದವರು. ಹಾಸ್ಯಪಾತ್ರಗಳಿಗೆ ಮೀಸಲಾಗುತ್ತಿದ್ದ ಉತ್ತರ ಕರ್ನಾಟಕದ ಮಾತಿಗೆ ಈ ಚಿತ್ರವೂ, ಅದೇ ನಿರ್ದೇಶಕರ ‘ನಾಗಮಂಡಲ’ವೂ (1997) ಘನತೆ ತಂದವು. ಆದರೂ ಆ ಘನತೆ ಸಂತನಿಗೆ, ಕಥಾನಾಯಕಿಗೆ ಸಂದಿತೇ ಹೊರತು ಬೀದಿಯಲ್ಲಿ ಹಾಡುವ ಮಕ್ಕಳವರೆಗೆ ಇಳಿಯಲಿಲ್ಲ. ಕನ್ನಡದ ನೆರೆನುಡಿಗಳ ಪೈಕಿ ತುಳುವಿಗೆ 1971ರಲ್ಲಿ, ಕೊಡವ ತಕ್ಕಿಗೆ 1972ರಲ್ಲಿ ಸ್ವಂತ ಚಿತ್ರಗಳು ಬಂದವು. ಬ್ಯಾರಿ ಭಾಷೆಯ ‘ಬ್ಯಾರಿ’ 2011ರ ಸಾಲಿನ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಿತು. ಲಂಬಾಣಿ ಮಾತ್ರ ಕನ್ನಡದ ತೆರೆಯ ಮೇಲೆ ಬಹುಮಟ್ಟಿಗೆ ಕನ್ನಡಿ ಹೊಲಿದ ಉಡುಗೆಯಾಗಿ, ಕುಣಿತವಾಗಿ ಕಾಣಿಸಿಕೊಂಡಿದೆ. ಮಾತಾಗಿ ಕೇಳಿಸಿದ್ದು ವಿರಳ.

ಮಕ್ಕಳ ಹಬ್ಬಗಳನ್ನು ಆದರ್ಶೀಕರಿಸಬೇಕಾಗಿಲ್ಲ. ಹೋಳಿಯ ಬೀದಿ ಹುಡುಗರದು, ಅಲ್ಲಿನ ಬೈಗುಳಕ್ಕೆ ಗುರಿಯಾಗುವವರು ಹೆಣ್ಣುಮಕ್ಕಳು. ಗುಳ್ಳವ್ವನ ಬುಟ್ಟಿ ಊರಿನ ಎಲ್ಲ ಕೇರಿಗಳಿಗೂ ಹೋಗುತ್ತದೆಂದು ಹೇಳಲಾಗದು. ಹೊಸ ಅಲೆಯ ಚಿತ್ರಗಳು ಆಚರಣೆಯನ್ನು ಸಂಶಯದಿಂದ ನೋಡಿದ್ದಕ್ಕೆ ಕಾರಣಗಳಿದ್ದವು. ಆದರೆ ಆ ಸಂಶಯಕ್ಕೆ ಮಗು ಮೂಕವಾಗಿರಲೇಬೇಕೆಂದಿಲ್ಲ: ಮನೆಮನೆಗೆ ಬೇಡಲು ಹೋಗುವ ಹುಡುಗಿಗೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ, ಯಾವ ಓಣಿಯನ್ನು ಬಿಟ್ಟು ಹೋಗಬೇಕೆಂದು ಹಿರಿಯರು ಹೇಳುತ್ತಾರೆ ಎಂಬುದು ನಾಣಿಗೆ ಕಂಡದ್ದಕ್ಕಿಂತ ಕಡಿಮೆ ಸತ್ಯವೇನಲ್ಲ. ಗಡಿನಾಡಿನ ಮಕ್ಕಳ ಕನ್ನಡವನ್ನೇ ನೆಚ್ಚಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018) ಜನಪ್ರಿಯವಾದದ್ದು, ಮಕ್ಕಳ ಆಡುಮಾತು ಪ್ರೇಕ್ಷಕರಿಗೆ ತೊಡಕಲ್ಲವೆಂಬುದನ್ನು ತೋರಿಸಿದೆ. ಸಾಕ್ಷಿಯಾಗಿದ್ದ ಮಗುವಿಗೆ ಹಬ್ಬದ ಯಜಮಾನಿಕೆಯನ್ನೂ ಮನೆಮಾತನ್ನೂ ಒಟ್ಟಿಗೆ ಕೊಟ್ಟರೆ ಹೊಸ ಅಲೆಯ ಪರಂಪರೆಯ ವಿಮರ್ಶೆ ಮೊನಚು ಕಳೆದುಕೊಳ್ಳುವುದಿಲ್ಲ; ಇದುವರೆಗೆ ಅದು ಕೇಳಿಸಿಕೊಳ್ಳದ ಕಡೆಯಿಂದ ಬರುತ್ತದೆ, ಅಷ್ಟೆ.