ವೀಡಿಯೊ ಡ್ರೈವರ್‌ನ ಪರಿಭಾಷೆ: ಎಂಟು ಸಾಲುಗಳ ವ್ಯಾಖ್ಯಾನ

ಲಿನಕ್ಸ್ ಕರ್ನೆಲ್‌ನಲ್ಲಿ ಕ್ಯಾಮೆರಾ, ಟಿವಿ ಕಾರ್ಡು, ವೀಡಿಯೊ ಡಿಕೋಡರ್ ಮುಂತಾದವನ್ನು ನಡೆಸುವ ಏರ್ಪಾಡಿಗೆ ವಿ4ಎಲ್2 ಎಂದು ಹೆಸರು. ಅದರ ಡಿಕೋಡರ್ ದಾಖಲೆ ಮೊದಲು ಪದಗಳ ಅರ್ಥ ಹೇಳುತ್ತದೆ, ಆಮೇಲೆ ಕೆಲಸದ ಕ್ರಮಕ್ಕೆ ಬರುತ್ತದೆ. ಹಾಗೇ ಇರಬೇಕು. ಡ್ರೈವರ್ ಬರೆಯುವವರು ಒಂದು ಊರಿನಲ್ಲಿ, ಪ್ಲೇಯರ್ ಬರೆಯುವವರು ಇನ್ನೊಂದು ದೇಶದಲ್ಲಿ. ಇಬ್ಬರಿಗೂ ಮುಖಪರಿಚಯವಿಲ್ಲ, ನಡುವೆ ಇರುವುದು ಈ ಪದಗಳಷ್ಟೇ. ಒಂದು ಪದವನ್ನು ಇಬ್ಬರೂ ಬೇರೆಬೇರೆಯಾಗಿ ಓದಿಕೊಂಡರೆ ಇಬ್ಬರ ಕೋಡೂ ಅವರವರ ಮಟ್ಟಿಗೆ ಸರಿಯಾಗಿರುತ್ತದೆ, ಪರದೆಯ ಮೇಲಿನ ಚಿತ್ರ ಮಾತ್ರ ಕೆಟ್ಟಿರುತ್ತದೆ.

ನಮ್ಮ ತರ್ಕಶಾಸ್ತ್ರದವರು ಲಕ್ಷಣಕ್ಕೆ, ಅಂದರೆ ಪದದ ಅರ್ಥ ಕಟ್ಟುವ ಸಾಲಿಗೆ, ಮೂರು ದೋಷಗಳನ್ನು ಹೇಳಿದ್ದಾರೆ. ಹಸು ಎಂದರೆ ‘ಕಪಿಲ ಬಣ್ಣದ್ದು’ ಎಂದರೆ ಕರಿ ಹಸು, ಬಿಳಿ ಹಸು ಹೊರಗುಳಿದವು, ಅದು ಅವ್ಯಾಪ್ತಿ. ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಒಳಗೆ ಬಂತು, ಅತಿವ್ಯಾಪ್ತಿ. ‘ಸೀಳಿಲ್ಲದ ಗೊರಸಿನದು’ ಎಂದರೆ ಯಾವ ಹಸುವಿಗೂ ಒಪ್ಪದು, ಅಸಂಭವ. ಡ್ರೈವರ್ ದಾಖಲೆ ಓದಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಸಿಕ್ಕಿಲ್ಲ. ಕೆಳಗೆ ಬಿಡಿಯಾಗಿ ನಿಂತ ಸಾಲುಗಳು ಆ ದಾಖಲೆಯ ಪದಗಳಿಗೆ ಕನ್ನಡದಲ್ಲಿ ನಾನು ಕಟ್ಟಿಕೊಂಡ ಲಕ್ಷಣಗಳು.

ಔಟ್‌ಪುಟ್ ಕ್ಯೂ: ಅಪ್ಲಿಕೇಶನ್ ತಾನು ತುಂಬಿಸಿ ಡಿವೈಸ್‌ಗೆ ಕೊಡುವ ಬಫರ್‌ಗಳ ಸಾಲು.

ಹೊಸಬರು ಮೊದಲು ಎಡವುವುದು ಇಲ್ಲೇ. ಡಿಕೋಡರ್‌ನ ಔಟ್‌ಪುಟ್ ಎಂದರೆ ಡಿಕೋಡರ್‌ನಿಂದ ಹೊರಬರುವ ಚಿತ್ರ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಅದು ತಿರುವುಮುರುವು: ಸಂಕುಚಿತ ಬಿಟ್‌ಸ್ಟ್ರೀಮ್ ಒಳಗೆ ಹೋಗುವ ದಾರಿಯೇ ಔಟ್‌ಪುಟ್. ಇದಕ್ಕೆ ಕಾರಣವಿದೆ. ವಿ4ಎಲ್2 ರೂಪುಗೊಂಡದ್ದು ಟಿವಿ ಕಾರ್ಡುಗಳ ಕಾಲದಲ್ಲಿ. ಹೊರಗಿನ ಚಿತ್ರ ಮೆಮೊರಿಗೆ ಬಂದರೆ ಕ್ಯಾಪ್ಚರ್, ಮೆಮೊರಿಯ ಚಿತ್ರ ಟಿವಿಗೆ ಹೋದರೆ ಔಟ್‌ಪುಟ್. ದಿಕ್ಕನ್ನು ಎಣಿಸಿದ್ದು ಕಂಪ್ಯೂಟರಿನ ಮೆಮೊರಿಯಲ್ಲಿ ನಿಂತು. ಆಮೇಲೆ ಎರಡೂ ತುದಿ ಮೆಮೊರಿಯಲ್ಲೇ ಇರುವ ಡಿಕೋಡರ್, ಎನ್‌ಕೋಡರ್‌ಗಳು ಬಂದವು. ಹೆಸರು ಬದಲಾಯಿಸಿದರೆ ಅದನ್ನು ನಂಬಿಕೊಂಡ ಹಳೆಯ ಪ್ರೋಗ್ರಾಮುಗಳು ಕೆಡುತ್ತವೆ, ಹಾಗಾಗಿ ಹೆಸರು ಹಾಗೇ ಉಳಿಯಿತು.

‘ಔಟ್‌ಪುಟ್ ಕ್ಯೂ ಎಂದರೆ ಡಿವೈಸ್‌ನಿಂದ ಹೊರಬರುವುದು’ ಎಂದು ಯಾರಾದರೂ ಬರೆದರೆ ಅದು ಅಸಂಭವ ದೋಷ. ಡಿಕೋಡರ್‌ಗೂ ಒಪ್ಪುವುದಿಲ್ಲ, ಎನ್‌ಕೋಡರ್‌ಗೂ ಒಪ್ಪುವುದಿಲ್ಲ. ಮೇಲಿನ ಸಾಲಿನಲ್ಲಿ ‘ಹೊರಗೆ’, ‘ಒಳಗೆ’ ಎಂಬ ಮಾತನ್ನೇ ನಾನು ಬಿಟ್ಟದ್ದು ಅದಕ್ಕೆ. ಯಾರು ತುಂಬಿಸುತ್ತಾರೆ, ಯಾರಿಗೆ ಕೊಡುತ್ತಾರೆ ಎಂದು ಹೇಳಿದರೆ ಓದುವವರು ಎಲ್ಲಿ ನಿಂತು ಓದಿದರೂ ದಿಕ್ಕು ತಪ್ಪುವುದಿಲ್ಲ.

ಕ್ಯಾಪ್ಚರ್ ಕ್ಯೂ: ಡಿವೈಸ್ ತುಂಬಿಸಿ ಅಪ್ಲಿಕೇಶನ್‌ಗೆ ಮರಳಿಸುವ ಬಫರ್‌ಗಳ ಸಾಲು, ಡಿಕೋಡರ್‌ನಲ್ಲಿ ಚಿತ್ರ, ಎನ್‌ಕೋಡರ್‌ನಲ್ಲಿ ಬಿಟ್‌ಸ್ಟ್ರೀಮ್.

ಮೊದಲ ಅಲ್ಪವಿರಾಮದ ಮುಂದಿನ ಭಾಗ ಬೇಕೇಬೇಕು. ‘ಚಿತ್ರವಿರುವ ಬಫರ್’ ಎಂದು ನಿಲ್ಲಿಸಿದರೆ ಎನ್‌ಕೋಡರ್ ಹೊರಗುಳಿಯುತ್ತದೆ, ಅವ್ಯಾಪ್ತಿ. ಈ ಸಾಲು ಹೇಳದೆ ಬಿಟ್ಟ ಒಂದು ಸಂಗತಿಯೂ ಇದೆ: ಅತ್ತ ಒಂದು ಬಫರ್ ಕೊಟ್ಟರೆ ಇತ್ತ ಒಂದು ಬಫರ್ ಬಂದೇ ಬರುತ್ತದೆ ಎಂಬ ಲೆಕ್ಕ ಇಲ್ಲಿಲ್ಲ. ಒಂದಕ್ಕೆ ಹಲವು ಬರಬಹುದು, ಬಾರದೆಯೂ ಇರಬಹುದು, ಕೊಟ್ಟ ಕ್ರಮ ಬಿಟ್ಟು ಬೇರೆ ಕ್ರಮದಲ್ಲಿ ಬರಬಹುದು.

ಬೈಟ್ಸ್‌ಪರ್‌ಲೈನ್: ಮೆಮೊರಿಯಲ್ಲಿ ಒಂದು ಗೆರೆಯ ಎಡತುದಿಯ ಪಿಕ್ಸೆಲ್‌ನಿಂದ ಮುಂದಿನ ಗೆರೆಯ ಎಡತುದಿಯ ಪಿಕ್ಸೆಲ್‌ಗೆ ಇರುವ ದೂರ, ಬೈಟ್‌ಗಳಲ್ಲಿ.

ಸ್ಟ್ರೈಡ್ ಎಂದೂ ಪಿಚ್ ಎಂದೂ ಕರೆಯುವುದು ಇದನ್ನೇ. ಕೊನೆಯ ‘ಬೈಟ್‌ಗಳಲ್ಲಿ’ ಎಂಬ ಪದವನ್ನು ಕಿತ್ತರೆ ಸಾಲು ಕುಸಿಯುತ್ತದೆ, ಏಕೆಂದರೆ ಇದೇ ದೂರವನ್ನು ಓಪನ್‌ಜಿಎಲ್‌ನ ರೋ ಲೆಂತ್ ಪಿಕ್ಸೆಲ್‌ಗಳಲ್ಲಿ ಎಣಿಸುತ್ತದೆ.

‘ಅಗಲವನ್ನು ಪಿಕ್ಸೆಲ್‌ನ ಬೈಟ್‌ಗಳಿಂದ ಗುಣಿಸಿದರೆ ಬರುವುದು’ ಎಂಬ ಲಕ್ಷಣ ಬಹಳ ಕಡೆ ಕಾಣಸಿಗುತ್ತದೆ. ಅದು ಅವ್ಯಾಪ್ತಿ, ಅದರಲ್ಲೂ ಮೋಸದ ಜಾತಿಯದು. ಎನ್‌ವಿ12 ನಮೂನೆಯ ಚಿತ್ರ ತೆಗೆದುಕೊಳ್ಳಿ. ಅದರ ಬೆಳಕಿನ ಪದರದಲ್ಲಿ ಪಿಕ್ಸೆಲ್‌ಗೆ ಒಂದು ಬೈಟ್. ಪ್ರತಿ ಗೆರೆಯೂ 64ರ ಗುಣಿತದಲ್ಲೇ ಶುರುವಾಗಬೇಕು ಎಂದು ಯಂತ್ರಾಂಶ ಕೇಳುತ್ತದೆ ಎಂದುಕೊಳ್ಳಿ. 1280 ಅಗಲ 64ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, 1920 ಸಹ ಆಗುತ್ತದೆ. ಪರೀಕ್ಷೆಗೆ ಎಲ್ಲರೂ ಹಿಡಿಯುವುದು ಈ ಎರಡು ಅಳತೆಗಳನ್ನೇ, ತಪ್ಪು ಲಕ್ಷಣ ಎರಡರಲ್ಲೂ ಗೆಲ್ಲುತ್ತದೆ. 1366 ಅಗಲದ ಚಿತ್ರ ಬಂದ ದಿನ ನಿಜ ಹೊರಬೀಳುತ್ತದೆ: ಗೆರೆಯ ದೂರ 1408 ಬೈಟ್, ಕೊನೆಯ 42 ಬೈಟ್ ಬರೀ ಭರ್ತಿ. ಅದನ್ನು ಲೆಕ್ಕಕ್ಕೆ ಹಿಡಿಯದ ಪ್ರೋಗ್ರಾಮಿನಲ್ಲಿ ಪ್ರತಿ ಗೆರೆಯೂ ಹಿಂದಿನದಕ್ಕಿಂತ 42 ಪಿಕ್ಸೆಲ್ ಪಕ್ಕಕ್ಕೆ ಸರಿದು, ಚಿತ್ರವೆಲ್ಲ ಓರೆಯಾಗಿ ಹರಿದಂತೆ ಕಾಣುತ್ತದೆ. ಡ್ರೈವರ್ ಹೇಳಿದ ಸಂಖ್ಯೆಯನ್ನೇ ನಂಬಬೇಕು, ತಾನಾಗಿ ಗುಣಿಸಬಾರದು ಎಂಬ ನಿಯಮ ಈ ಲಕ್ಷಣದೊಳಗೇ ಅಡಗಿದೆ. ಅದನ್ನು ಬಿಡಿಸಿ ಬರೆಯುವ ದಾಖಲೆಗಳು ಕಡಿಮೆ.

ಕೋಡೆಡ್ ಎತ್ತರ: ಕೋಡೆಕ್ ಮತ್ತು ಯಂತ್ರಾಂಶದ ಅಗತ್ಯಕ್ಕೆ ತಕ್ಕಂತೆ ಮೇಲಕ್ಕೆ ಹೊಂದಿಸಿದ ಎತ್ತರ, ಕಾಣುವ ಎತ್ತರ: ಅದರಲ್ಲಿ ನೋಡುಗರಿಗೆ ತೋರಿಸಬೇಕಾದ ಭಾಗ.

ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದು ಬೇಕೆಂದೇ. ಬರೀ ‘ಎತ್ತರ’ ಎಂದು ಬರೆದ ದಾಖಲೆಯಲ್ಲಿ ಯಾವ ಎತ್ತರ ಎಂಬ ಪ್ರಶ್ನೆ ಕೊನೆಯವರೆಗೂ ಕಾಡುತ್ತದೆ. ಎಚ್.264 ಕೋಡೆಕ್ ಚಿತ್ರವನ್ನು 16ಕ್ಕೆ 16ರ ಚೌಕಗಳಾಗಿ ಕತ್ತರಿಸುತ್ತದೆ. 1080 ಅದಕ್ಕೆ ಒಗ್ಗದು, ಆದ್ದರಿಂದ ಡಿಕೋಡರ್ 1088 ಗೆರೆ ಬಿಡಿಸುತ್ತದೆ. ಉಳಿದ 8 ಗೆರೆಗಳನ್ನು ಕತ್ತರಿಸದೆ ತೋರಿಸಿದ ಪ್ಲೇಯರ್‌ನಲ್ಲಿ ಚಿತ್ರದ ಬುಡಕ್ಕೆ ಹಸಿರು ಪಟ್ಟಿ ಕಂಡೀತು. ಬೆಳಕು ಮತ್ತು ಎರಡು ಬಣ್ಣದ ಬೆಲೆಗಳು ಮೂರೂ ಸೊನ್ನೆಯಾದಾಗ ಪರದೆಯ ಮೇಲೆ ಕಪ್ಪಿನ ಬದಲು ಹಸಿರು ಬರುವುದರಿಂದ ಈ ಪಟ್ಟಿಗೆ ಆ ಬಣ್ಣ.

ರಿಸ್ಯೂಮ್ ಪಾಯಿಂಟ್: ಹಿಂದಿನ ಏನೂ ಕೈಯಲ್ಲಿಲ್ಲದೆ ಡಿಕೋಡಿಂಗ್ ಶುರು ಮಾಡಬಹುದಾದ ಜಾಗ.

ವೀಡಿಯೊವನ್ನು ನಡುವಿನಿಂದ ನೋಡಲು ಬೆರಳಿಟ್ಟಾಗ ಪ್ಲೇಯರ್ ಹುಡುಕುವುದು ಇದನ್ನು. ಇದಕ್ಕೆ ‘ಐ ಫ್ರೇಮ್ ಇರುವ ಜಾಗ’ ಎಂದು ಲಕ್ಷಣ ಬರೆಯುವುದು ಅತಿವ್ಯಾಪ್ತಿ. ಐ ಫ್ರೇಮ್ ತನ್ನ ಮಟ್ಟಿಗೆ ಸ್ವತಂತ್ರ, ನಿಜ. ಆದರೆ ಎಚ್.264ನಲ್ಲಿ ಅದರ ನಂತರದ ಫ್ರೇಮ್‌ಗಳು ಅದನ್ನು ದಾಟಿ ಹಿಂದಿನ ಫ್ರೇಮ್‌ಗಳ ನೆರವು ಪಡೆಯಬಹುದು. ಹಾಗೆ ಪಡೆಯಬಾರದೆಂಬ ಕಟ್ಟು ಇರುವುದು ಐಡಿಆರ್ ಎಂಬ ವಿಶೇಷ ಚಿತ್ರಕ್ಕೆ. ಜೊತೆಗೆ ಎಸ್‌ಪಿಎಸ್, ಪಿಪಿಎಸ್ ಎಂಬ ವಿವರಗಳೂ ಇರಬೇಕು. ವಿಪಿ8, ವಿಪಿ9ರಲ್ಲಿ ಕೀಫ್ರೇಮ್ ಒಂದೇ ಸಾಕು. ಕೋಡೆಕ್‌ನಿಂದ ಕೋಡೆಕ್‌ಗೆ ಸಾಮಗ್ರಿ ಬದಲಾಗುವುದರಿಂದ ದಾಖಲೆ ಬರೆದವರು ಲಕ್ಷಣವನ್ನು ಸಾಮಗ್ರಿಯ ಮೇಲೆ ಕಟ್ಟದೆ, ಅಲ್ಲಿ ಏನು ಸಾಧ್ಯ ಎಂಬುದರ ಮೇಲೆ ಕಟ್ಟಿದ್ದಾರೆ. ಆ ಪದಕೋಶದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಜಾಗ ಇದು.

ಟೈಮ್‌ಸ್ಟ್ಯಾಂಪ್: ಔಟ್‌ಪುಟ್ ಬಫರ್‌ಗೆ ಅಪ್ಲಿಕೇಶನ್ ಹಚ್ಚುವ, ಅದರಿಂದ ಹುಟ್ಟಿದ ಕ್ಯಾಪ್ಚರ್ ಬಫರ್‌ಗೆ ಡ್ರೈವರ್ ನಕಲಿಸುವ ಗುರುತು.

ಹೆಸರಿನಲ್ಲಿ ಕಾಲವಿದೆ, ಲಕ್ಷಣದಲ್ಲಿ ಇಲ್ಲ. ಕ್ರಮ ತಪ್ಪಿ ಬರುವ ಚಿತ್ರಗಳನ್ನು ಅವುಗಳ ಮೂಲದೊಂದಿಗೆ ಜೋಡಿಸಲು ಇದು ಬೇಕು. ಸ್ಟೇಟ್‌ಲೆಸ್ ಡಿಕೋಡರ್‌ಗಳಲ್ಲಿ ಕೆಲಸ ಇನ್ನೂ ದೊಡ್ಡದು. ಅಲ್ಲಿ ಬಿಟ್‌ಸ್ಟ್ರೀಮ್ ಓದಿ ಅರ್ಥ ಮಾಡುವ ಹೊಣೆ ಅಪ್ಲಿಕೇಶನ್‌ನದು, ಮತ್ತು ‘ಈ ಚಿತ್ರಕ್ಕೆ ಆ ಹಳೆಯ ಚಿತ್ರದ ನೆರವು ಬೇಕು’ ಎಂದು ಹೇಳುವುದು ಟೈಮ್‌ಸ್ಟ್ಯಾಂಪ್ ಮೂಲಕವೇ. ಎರಡು ಬಫರ್‌ಗೆ ಒಂದೇ ಗುರುತು ಹಚ್ಚಿದರೆ ಡ್ರೈವರ್ ತಪ್ಪು ಚಿತ್ರವನ್ನು ಹಿಡಿದೀತು. ಗಡಿಯಾರದ ಸಮಯ ಎಂದು ಭಾವಿಸಿದವರಿಗೆ ಈ ಎಚ್ಚರಿಕೆ ಹೊಳೆಯುವುದೇ ಇಲ್ಲ.

‘ಬಹುದು’ ಎಂದಲ್ಲಿ ಆಯ್ಕೆ ಅನುಮತಿ ಪಡೆದವರದು, ಸಿದ್ಧತೆ ಎದುರಿನವರದು.

ಮಾಡಲೇಬೇಕು, ಮಾಡುವುದು ಒಳಿತು, ಮಾಡಬಹುದು ಎಂಬ ಮೂರು ಮೆಟ್ಟಿಲುಗಳಿಗೆ ದಾಖಲೆ 1997ರ ಆರ್‌ಎಫ್‌ಸಿ 2119ರ ಅರ್ಥವನ್ನು ಒಪ್ಪಿಕೊಂಡಿದೆ. ಅಪ್ಲಿಕೇಶನ್ ಇಷ್ಟು ಬಫರ್ ಬೇಕೆಂದು ಕೇಳಿದಾಗ ಡ್ರೈವರ್ ಆ ಸಂಖ್ಯೆಯನ್ನು ಬದಲಿಸಬಹುದು. ಹಾಗಾದರೆ ಕೇಳಿದ ಸಂಖ್ಯೆಯನ್ನು ಮರೆತು, ಕೊಟ್ಟ ಸಂಖ್ಯೆಯನ್ನು ನೋಡುವುದು ಅಪ್ಲಿಕೇಶನ್‌ಗೆ ಕಡ್ಡಾಯವಾಯಿತು. ಒಬ್ಬರ ‘ಬಹುದು’ ಇನ್ನೊಬ್ಬರ ‘ಲೇಬೇಕು’.

ಡ್ರೇನ್: ಈವರೆಗೆ ಕೊಟ್ಟದ್ದನ್ನೆಲ್ಲ ಡಿಕೋಡ್ ಮಾಡಿಸಿ, ಉಳಿದ ಚಿತ್ರಗಳನ್ನೆಲ್ಲ ಹೊರತೆಗೆಸುವುದು.

ಇದಕ್ಕೆ ‘ಫ್ಲಶ್’ ಎಂಬ ಪದವನ್ನು ಬಳಸದಿದ್ದುದು ದೊಡ್ಡ ಉಪಕಾರ. ಎಫ್‌ಎಫ್‌ಎಂಪೆಗ್ ಲೈಬ್ರರಿಯ ದಾಖಲೆಯಲ್ಲಿ ಫ್ಲಶ್ ಪ್ಯಾಕೆಟ್ ಎಂದರೆ ಸ್ಟ್ರೀಮ್ ಮುಗಿಯಿತು, ಉಳಿದದ್ದನ್ನು ಕೊಡು ಎಂಬ ಸೂಚನೆ. ಅದೇ ಲೈಬ್ರರಿಯಲ್ಲಿ ಬಫರ್‌ಗಳನ್ನು ಫ್ಲಶ್ ಮಾಡುವ ಫಂಕ್ಷನ್ ಉಳಿದದ್ದನ್ನು ಎಸೆದುಬಿಡುತ್ತದೆ. ವಿ4ಎಲ್2ನಲ್ಲಿ ಎಸೆಯುವ ಕೆಲಸ ಸ್ಟ್ರೀಮ್ ನಿಲ್ಲಿಸುವ ಕರೆಗೆ ಸೇರಿದ್ದು, ಡ್ರೇನ್‌ಗೆ ಆ ಅರ್ಥ ಅಂಟುವುದಿಲ್ಲ.

ಡ್ರೇನ್ ಮುಗಿದಾಗ ಒಂದು ಕ್ಯಾಪ್ಚರ್ ಬಫರ್ ‘ಕೊನೆಯದು’ ಎಂಬ ಗುರುತು ಹೊತ್ತು ಬರುತ್ತದೆ. ಅದು ಖಾಲಿ ಇರಲೂಬಹುದು, ಅದರಲ್ಲಿ ಕಡೆಯ ಚಿತ್ರವೇ ಇದೆ ಎಂದು ಎಣಿಸಿ ತೋರಿಸಬಾರದು. ತುಂಬಿದ ಬೈಟ್‌ಗಳ ಸಂಖ್ಯೆ ಸೊನ್ನೆಯೇ ಎಂದು ನೋಡಿ, ಸೊನ್ನೆಯಾದರೆ ಪಕ್ಕಕ್ಕಿಡಬೇಕು. ಅದರ ನಂತರವೂ ಬಫರ್ ಕೇಳಿದರೆ ಇಪೈಪ್ ಎಂಬ ದೋಷಸಂಖ್ಯೆ ಮರಳುತ್ತದೆ. ಏನೋ ಕೆಟ್ಟಿತು ಎಂದು ಅಪ್ಲಿಕೇಶನ್ ಗಾಬರಿಬೀಳಬೇಕಿಲ್ಲ. ಇನ್ನು ಚಿತ್ರಗಳಿಲ್ಲ ಎಂದಷ್ಟೇ ಡ್ರೈವರ್ ಹೇಳುತ್ತಿದೆ.